ಗಾಯರಾಣದಾಗ ಸಸಿ ಹಚ್ಚಬೇಕೋ ಬ್ಯಾಡೋ?

ಪ್ರಶ್ನೆ: ನಮಸ್ಕಾರ್ರಿ. ನಮ್ಮೂರ ಗಾಯರಾಣ, ಅಂದ್ರ ದನಾ ಕುರಿ ಮೇಯೋ ಊರ ಜಾಗಾ, ಹತ್ತೆಕರೆ ಖಾಲಿ ಬಿದ್ದೈತಿ. ಮಳಿ ಬಿದ್ದ ಕೂಡ್ಲೆ ಗೆಳ್ಯಾರೆಲ್ಲಾ ಸೇರಿ ಸಾವಿರ ಸಸಿ ಹಚ್ಚಬೇಕಂತ ಮಾಡೇವಿ, ಜೆಸಿಬಿಗೂ ಹೇಳೇವಿ. ಆದ್ರ ಕುರಿ ಕಾಯೋ ಅಜ್ಜ ಒಬ್ಬಾಂವ "ಬ್ಯಾಡ್ರಪಾ, ಚಿಗರಿ ಎಲ್ಲಿಗೆ ಹೋಗಬೇಕು" ಅಂತಾನ. ಗಿಡಾ ಹಚ್ಚೋದೂ ತಪ್ಪೇನ್ರಿ?
- ಓದುಗರೊಬ್ಬರು, ರಾಣೆಬೆನ್ನೂರ ತಾಲೂಕು

ಉತ್ತರ: ತಮ್ಮಾ, ಅಜ್ಜ ಹೇಳೋದು ಖರೇ ಐತಿ, ಜೆಸಿಬಿಗೆ ಇವತ್ತೇ ಫೋನ್ ಮಾಡಿ ಬ್ಯಾಡ ಅನ್ರಿ. ಆ ಜಾಗಾ ಖಾಲಿ ಇಲ್ಲ, ಅದು ಹುಲ್ಲುಗಾವಲು. ಕಂದಾಯ ಹುಟ್ಟದ ಇಂಥಾ ಭೂಮಿಗೆ ಕಾಗದದಾಗ 'ಖರಾಬು' ಅಂತ ಬರದು ಬರದು ನಮ್ಮ ಕಣ್ಣಿಗೂ ಅದು ಕೆಟ್ಟ ಜಾಗಾನ ಆಗೇತಿ.

ಚಿಗರಿ, ಅಂದ್ರ ಕೃಷ್ಣಮೃಗ, ಬದುಕೋದು ಕಣ್ಣು ಮತ್ತ ಕಾಲಿನ ಮ್ಯಾಲೆ. ತೋಳ ದೂರ ಇದ್ದಾಗ್ಲೇ ಕಾಣಬೇಕು, ಕಂಡ ಕೂಡ್ಲೆ ಓಡಾಕ ಬಯಲು ಬೇಕು. ಸಾಲಾಗಿ ಗಿಡಾ ನಿಂತ್ರ ಎರಡೂ ಹೋತು, ಬುಡದಾಗ ನೆರಳಾಗಿ ಹುಲ್ಲೂ ಸಣ್ಣಾಗ್ತೈತಿ, ಆಮ್ಯಾಲೆ ಅವು ನಿಮ್ಮ ಗೋವಿನಜೋಳಕ್ಕ ಬರ್ತಾವ, ನೀವ ಬೈಯ್ತೀರಿ. ನಿಮ್ಮ ತಾಲೂಕಿನಾಗ ಇದು ಆಗಿ ಹೋಗೇತಿ. ಕೃಷ್ಣಮೃಗಕ್ಕಂತ 1974ರಾಗ 119 ಚದರ ಕಿ.ಮೀ. ಅಭಯಾರಣ್ಯ ಆತು, ಆದ್ರ ಅದರೊಳಗ ಬಾಳ ಕಡೆ ಇರೋದು ಹಚ್ಚಿದ ನೀಲಗಿರಿ. ಒಂದು ಕಾಲಕ್ಕ ಅಲ್ಲಿ ಎರೆಭೂತನೂ ಇತ್ತು, ಬರೀ ನೆಲದ ಮ್ಯಾಲೆ ಸಾಮಾನ್ಯವಾಗಿ ಒಂದೇ ತತ್ತಿ ಇಡೋ ದೊಡ್ಡ ಹಕ್ಕಿ. ಈಗ ಇಲ್ಲ. ಬ್ಯಾಟಿ, ಉಳುಮೆ ಎಲ್ಲಾ ಸೇರೇ ಅದನ್ನ ಕಳದಾವ ಖರೇ, ಆದ್ರ ಬಯಲು ಮುಚ್ಚಿದ್ದೂ ಸಣ್ಣ ಮಾತಲ್ಲ. ಇದನ್ನ ನೆನಿಸಿದ್ರ ಹೊಟ್ಯಾಗ ಸಂಕಟ ಆಗ್ತೈತ್ರಿ.

ಮತ್ತ ಆ ನೆಲಾನ ಒಮ್ಮೆ ಕುಂತು ನೋಡ್ರಿ. ಟಿಟ್ಟಿಭ ಹಕ್ಕಿ ಹಳ್ಳುಗಳ ನಡುವ ಸಣ್ಣ ತಗ್ಗಿನಾಗ ನಾಕು ತತ್ತಿ ಇಡ್ತೈತಿ, ಮಣ್ಣಿನ ಬಣ್ಣ, ಮ್ಯಾಲೆ ಕರೀ ಚುಕ್ಕಿ, ಎರಡು ಹೆಜ್ಜಿ ದೂರ ನಿಂತ್ರೂ ಕಲ್ಲು ಅಂತನ ಅನಸ್ತೈತಿ. ನೀವು ಗುಂಡಿ ತೋಡೋ ಹೊತ್ತಿಗೇ ಅದರ ಮರಿ ಮಾಡೋ ಹೊತ್ತು. ಗಿಡಾ ಬೆಳದ್ರ ಕಾಗಿಗೆ ಕುಂತು ತತ್ತಿ ಹುಡುಕಾಕ ಟೊಂಗಿ ಸಿಕ್ಕಂಗಾತು. ಚಳಿಗಾಲದಾಗ ದೂರದ ದೇಶದಿಂದ ಬರೋ ಸೆಳೆವ ಅನ್ನೋ ಬ್ಯಾಟಿ ಹಕ್ಕಿ ಇಂಥಾ ಹುಲ್ಲಿನಾಗ ಮಿಡತಿ ಹಿಡದು ತಿಂತೈತಿ.

ಸಸಿ ಹಚ್ಚೋ ಹುಕಿ ಬಿಡಬ್ಯಾಡ್ರಿ, ಅದು ಚೊಲೋ. ಬೇವು, ಹುಣಸಿ, ಆಲದ ಸಸಿ ಸಾಲಿ ಅಂಗಳಕ್ಕ, ರಸ್ತೆ ಬಾಜೂಕ ಹಚ್ರಿ. ಗಾಯರಾಣದಾಗ ಮಾಡೋ ಕೆಲಸ ಬ್ಯಾರೆ ಐತಿ: ಬಳ್ಳಾರಿ ಜಾಲಿ ಹುಟ್ಟಿದ್ರ ಬೇರು ಸಮೇತ ಕೀಳ್ರಿ, ಹುಲ್ಲಿಗೆ ಬೆಂಕಿ ಹಚ್ಚಾಕ ಬಿಡಬ್ಯಾಡ್ರಿ, ಪಂಚಾಯ್ತಿಯವ್ರು ಕಸಾ ಸುರಿಯಾಕ ಬಂದ್ರ ತಡೀರಿ. ಮೊದ್ಲ ಒಂದಿನ ನಸುಕಿನಾಗ ಅಜ್ಜನ ಜೋಡಿ ಹೋಗ್ರಿ, ಅವ್ರನ್ನ ಮುಂದ ಬಿಟ್ಟು ನೀವು ಹಿಂದ ನಡೀರಿ. ಟಿಟ್ಟಿಭ ತಲಿ ಮ್ಯಾಲೆ ಚೀರಾಕತ್ತಿದ್ರ ಗೂಡು ಹತ್ರಾನ ಐತಿ ಅಂತ ತಿಳಕೊಂಡು ಹಂಗ ಹಿಂದ ಸರೀರಿ.