ಬ್ಯಾಕ್ಟೀರಿಯಾ ಕೊಲ್ಲುವ ಪಾಲಿಮರ್ ಕಂಡುಹಿಡಿದರು ಅಂತ ಆಗಾಗ ಸುದ್ದಿ ಬರುತ್ತೆ. ಮೆಡಿಕಲ್ ಶಾಪ್‌ಗೆ ಮಾತ್ರ ಯಾಕೆ ಬರ್ತಿಲ್ಲ? ಇವಕ್ಕೂ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುತ್ತವಾ?

ಕೆಲವು ಆಗಲೇ ಬಂದಿವೆ. ಕಾಂಟ್ಯಾಕ್ಟ್ ಲೆನ್ಸ್ ದ್ರಾವಣದ ಬಾಟಲಿ ಮೇಲೆ ಪಾಲಿಹೆಕ್ಸಾನೈಡ್ ಅಂತ ಇದ್ದರೆ ಅದು ಇದೇ ಗುಂಪಿನ ಪಾಲಿಮರ್, ಅಂದರೆ ಚಿಕ್ಕ ಅಣುಗಳು ಸರಪಳಿಯಂತೆ ಕೂಡಿಕೊಂಡ ಉದ್ದನೆಯ ಅಣು. ಗಾಯಕ್ಕೆ ಹಚ್ಚುವ ಕೆಲವು ಜೆಲ್‌ಗಳಲ್ಲೂ ಇರುತ್ತದೆ. ರಕ್ತಕ್ಕೆ ಕೊಡುವ ಔಷಧವಾಗಿ ಬರುವುದೇ ಕಷ್ಟ. ಇಂಥ ಪಾಲಿಮರ್ ತಯಾರಿಸುವ ಲ್ಯಾಬ್‌ನಲ್ಲಿ ಕೆಲಸ ಮಾಡುವುದರಿಂದ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ವಿದ್ಯುದಂಶ ಹೆಚ್ಚು. ನಮ್ಮ ಜೀವಕೋಶಗಳ ಹೊರಪದರ ಬಹುಮಟ್ಟಿಗೆ ತಟಸ್ಥ. ಧನ ವಿದ್ಯುದಂಶವಿರುವ ಪಾಲಿಮರ್ ಬ್ಯಾಕ್ಟೀರಿಯಾಕ್ಕೆ ಹೋಗಿ ಅಂಟುತ್ತದೆ, ಅದರ ಜಿಡ್ಡಿನ ಗುಣದ ಭಾಗ ಪೊರೆಯೊಳಗೆ ನುಗ್ಗಿ ಅದನ್ನು ಹರಿದುಹಾಕುತ್ತದೆ. 1987ರಲ್ಲಿ ಮೈಕೆಲ್ ಝಾಸ್ಲಾಫ್ ಆಫ್ರಿಕಾದ ಕಪ್ಪೆಯೊಂದರ ಚರ್ಮದಲ್ಲಿ ಗುರುತಿಸಿದ ಮ್ಯಾಗೈನಿನ್ ಎಂಬ, ಪುಟ್ಟ ಪ್ರೋಟೀನಿನಂಥ ಪೆಪ್ಟೈಡ್‌ನದೂ ಇದೇ ವರಸೆ.

ಕೊಲ್ಲುವುದು ದೊಡ್ಡದಲ್ಲ. ಜಿಡ್ಡಿನ ಭಾಗ ಹೆಚ್ಚಿಸುತ್ತಾ ಹೋದರೆ ಪಾಲಿಮರ್ ಒಂದು ಹಂತದವರೆಗೆ ಹೆಚ್ಚು ಕೊಲ್ಲುತ್ತದೆ, ಆದರೆ ನಮ್ಮ ಕೋಶಗಳನ್ನೂ ಬಿಡುವುದಿಲ್ಲ. ಅದಕ್ಕೇ ಪ್ರತಿ ಹೊಸ ಪಾಲಿಮರ್‌ಗೂ ಒಂದು ಪರೀಕ್ಷೆ ಇದೆ. 96 ಗುಳಿಗಳ ಪ್ಲೇಟ್‌ನಲ್ಲಿ ತೊಳೆದ ಕೆಂಪು ರಕ್ತಕಣಗಳ ಜೊತೆ ಪಾಲಿಮರ್ ಸೇರಿಸಿ, 37 ಡಿಗ್ರಿಯಲ್ಲಿಟ್ಟು, ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತೇವೆ. ಕಣಗಳು ಉಳಿದಿದ್ದರೆ ತಳದಲ್ಲಿ ಕೆಂಪು ಚುಕ್ಕೆಯಾಗಿ ಕೂತಿರುತ್ತವೆ, ಮೇಲಿನ ದ್ರವ ತಿಳಿಯಾಗಿರುತ್ತದೆ. ಒಡೆದಿದ್ದರೆ ದ್ರವವೇ ಕೆಂಪಗಾಗಿರುತ್ತದೆ. ಬ್ಯಾಕ್ಟೀರಿಯಾದ ಪ್ಲೇಟ್‌ನಲ್ಲಿ (ಬ್ಯಾಕ್ಟೀರಿಯಾ ಸಾಯುತ್ತವಾ ಅಂತ ನೋಡುವ ಪರೀಕ್ಷೆ) ಚೆನ್ನಾಗಿ ಗೆದ್ದು ಬಂದದ್ದು ಇಲ್ಲಿ ಸೋಲುವುದು ಮಾಮೂಲು. ಎರಡರಲ್ಲೂ ಗೆದ್ದರೂ, ರಕ್ತದ ಪ್ರೋಟೀನ್‌ಗಳಿಗೆ ಅಂಟಿಕೊಂಡು ನಿಷ್ಪ್ರಯೋಜಕ ಆಗಬಹುದು. ಸಾಲದ್ದಕ್ಕೆ ಪಾಲಿಮರ್ ಅಂದರೆ ಬೇರೆ ಬೇರೆ ಉದ್ದದ ಸರಪಳಿಗಳ ಮಿಶ್ರಣ. ಪ್ರತಿ ಬ್ಯಾಚೂ ಒಂದೇ ಥರ ಇದೆ ಅಂತ ಔಷಧ ನಿಯಂತ್ರಕರಿಗೆ ತೋರಿಸುವುದು ಸುಲಭವಲ್ಲ.

ಒಗ್ಗಿಕೊಳ್ಳುವ ವಿಷಯಕ್ಕೆ ಬಂದರೆ, ಇಡೀ ಪೊರೆಯನ್ನೇ ಬದಲಿಸಿಕೊಳ್ಳುವುದು ಬ್ಯಾಕ್ಟೀರಿಯಾಕ್ಕೆ ಕಷ್ಟ, ಹಾಗಾಗಿ ಪ್ರತಿರೋಧ ನಿಧಾನ. ‘ಬರುವುದೇ ಇಲ್ಲ’ ಅಂತ ಬರೆದಿದ್ದರೆ ದಯವಿಟ್ಟು ನಂಬಬೇಡಿ. ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಕೂಡ ಧನ ವಿದ್ಯುದಂಶದಿಂದ ಪೊರೆಗೆ ಅಂಟುವ ಔಷಧವೇ. ಹೊರಮೈಯ ಋಣ ವಿದ್ಯುದಂಶ ತಗ್ಗಿಸಿ ಅದರಿಂದ ಪಾರಾಗುವ ಎಂಸಿಆರ್-1 ಜೀನ್ ಬಗ್ಗೆ 2015ರಲ್ಲಿ ಚೀನಾದಿಂದ ವರದಿಯಾಯಿತು. ಆ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಿ ಹೋಗುವಂಥದ್ದು. ನಮ್ಮ ಕ್ಷೇತ್ರದವರು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೂ ಕಡಿಮೆಯೇ.

ನನಗೆ ಹೆಚ್ಚು ಭರವಸೆ ಇರುವುದು ಲೇಪನಗಳ ಮೇಲೆ. 2001ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಕ್ಲಿಬನೋವ್ ತಂಡ ಪಾಲಿಮರನ್ನು ಗಾಜಿಗೆ ರಾಸಾಯನಿಕವಾಗಿ ಬೆಸೆದು, ಅದರ ಮೇಲೆ ಬ್ಯಾಕ್ಟೀರಿಯಾ ಸಿಂಪಡಿಸಿ, ತಾಗಿದವು ಸಾಯುವುದನ್ನು ತೋರಿಸಿತು. ಬಣ್ಣದಂತೆ ಬಳಿಯಬಹುದಾದ ಲೇಪನ ಇನ್‌ಫ್ಲುಯೆಂಜಾ ವೈರಸ್ಸನ್ನೂ ನಿಷ್ಕ್ರಿಯ ಮಾಡುತ್ತದೆ ಅಂತ 2006ರಲ್ಲಿ ಅದೇ ತಂಡದಿಂದ ಬಂದ ಪ್ರಬಂಧದ ಮೊದಲ ಲೇಖಕ ಜಯಂತ ಹಲ್ದಾರ್; ಆಮೇಲೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಇದೇ ವಿಷಯದ ಲ್ಯಾಬ್ ಕಟ್ಟಿದರು. ಲೇಪನ ರಕ್ತದಲ್ಲಿ ಕರಗಿ ಸುತ್ತಬೇಕಿಲ್ಲ, ಇದ್ದಲ್ಲೇ ಇದ್ದರೆ ಸಾಕು. ಆದರೆ ದೇಹದೊಳಗೆ ತೂರಿಸುವ ಕೊಳವೆಯಾದ ಕ್ಯಾತಿಟರ್‌ಗೆ ಬಳಿದಾಗ ಸತ್ತ ಬ್ಯಾಕ್ಟೀರಿಯಾ, ಪ್ರೋಟೀನ್ ಎಲ್ಲ ಸೇರಿ ಅದರ ಮೇಲೊಂದು ಪದರ ಕಟ್ಟುತ್ತವೆ, ಹೊಸದಾಗಿ ಬಂದವು ಆ ಪದರದ ಮೇಲೆ ಆರಾಮಾಗಿ ಬೆಳೆಯುತ್ತವೆ. ಕೊಂದಮೇಲೆ ಆ ಹೆಣಗಳನ್ನು ತಾನೇ ಕಳಚಿಕೊಳ್ಳುವ ಮೇಲ್ಮೈ ಮಾಡಲು ಹಲವು ಲ್ಯಾಬ್‌ಗಳು ಈಗ ಪ್ರಯತ್ನಿಸುತ್ತಿವೆ.