ಪರದೇಶದ ಮನೆಯಲ್ಲಿ ಅಜ್ಜಿಯ ಗಾದೆ

ನಮಸ್ಕಾರ. ಮೂರು ವರ್ಷದ ಮಗಳೊಂದಿಗೆ ಈಚೆಗಷ್ಟೇ ಪರದೇಶಕ್ಕೆ ಬಂದಿರುವ ನೀವು, ಅಜ್ಜ ಅಜ್ಜಿಯರ ಬಾಯಲ್ಲಿ ದಿನವೂ ಕೇಳಿಬರುತ್ತಿದ್ದ ಗಾದೆಗಳು ಮಗುವಿಗೆ ಇಲ್ಲಿ ಹೇಗೆ ದಕ್ಕಿಯಾವು, ಅದಕ್ಕೆ ಒಳ್ಳೆಯ ಪುಸ್ತಕವಿದೆಯೇ, ವಾರಾಂತ್ಯದ ಕನ್ನಡ ತರಗತಿ ಸಾಕೇ, ಹಿರಿಯರಿಂದ ಹೇಳಿಸಿ ಧ್ವನಿಮುದ್ರಿಸಿಕೊಳ್ಳಬೇಕೇ ಎಂದು ಕೇಳಿದ್ದೀರಿ. ತರಗತಿಗೆ ಖಂಡಿತ ಕಳುಹಿಸಿ; ಅಕ್ಷರ ಬರುತ್ತದೆ, ಓರಗೆಯ ಮಕ್ಕಳೂ ಸಿಗುತ್ತಾರೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ಪುಸ್ತಕಗಳಿಗೂ ಕೊರತೆಯಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟನ್ನು ತೆರೆದರೂ ಪದಗಳ ಬಳಕೆಗೆ ನಿದರ್ಶನವಾಗಿ ಕೊಟ್ಟಿರುವ ಗಾದೆಗಳು ಬೇಕಾದಷ್ಟು ಸಿಗುತ್ತವೆ. ಜರ್ಮನಿಯಿಂದ ಬಂದ ಪಾದ್ರಿಯೊಬ್ಬರು ನಮ್ಮ ಹಿರಿಯರ ಮಾತುಗಳನ್ನು ಅಷ್ಟು ಶ್ರದ್ಧೆಯಿಂದ ಕೂಡಿಟ್ಟರೆಂಬುದು, ಪರದೇಶದಲ್ಲಿ ಕುಳಿತು ಆ ಪುಟಗಳನ್ನು ತಿರುವಿಹಾಕುವ ನನ್ನಂಥವನಿಗೆ ಹೆಮ್ಮೆಯನ್ನೂ ತರಿಸುತ್ತದೆ, ಕೊಂಚ ನಾಚಿಕೆಯನ್ನೂ ತರಿಸುತ್ತದೆ. ಆದ್ದರಿಂದ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬಂಥ ಗಾದೆಗಳು ಕಳೆದುಹೋಗುವ ಭಯ ಬೇಡ. (ಕ್ರೆಡಿಟ್ ಕಾರ್ಡು ಕೈಗೆ ಬಂದ ಮೊದಲ ವರ್ಷ ಅದನ್ನು ಮಗುವಿಗಿಂತ ದೊಡ್ಡವರೇ ಬಾಯಿಪಾಠ ಮಾಡುವುದು ಮೇಲು, ‘ಸಾಲವನು ಕೊಂಬಾಗ ಹಾಲೋಗರುಂಡಂತೆ’ ಎಂಬ ಸರ್ವಜ್ಞನ ವಚನವನ್ನೂ ಜೊತೆಗೆ ಸೇರಿಸಿಕೊಳ್ಳಿ.)

ಪುಸ್ತಕದಲ್ಲಿ ಸಿಗದಿರುವುದು ಗಾದೆಯನ್ನು ಆಡುವ ರೀತಿ. ನಮ್ಮ ಅಜ್ಜಿ ಗಾದೆಯನ್ನು ಪೂರ್ತಿ ಹೇಳಿದ್ದನ್ನು ನಾನು ಕೇಳಿದ್ದೇ ಕಡಿಮೆ. ‘ಕುಂಬಾರನಿಗೆ ವರುಷ’ ಎಂದು ಹೇಳಿ ನಿಲ್ಲಿಸುತ್ತಿದ್ದರು. ‘ದೊಣ್ಣೆಗೆ ನಿಮಿಷ’ ಎಂದು ಮುಗಿಸುವ ಕೆಲಸ ಮಕ್ಕಳದು, ಏನನ್ನಾದರೂ ಆಗ ತಾನೇ ಒಡೆದು ನಿಂತವರದು. ಇನ್ನೊಂದು ವಿಷಯವೆಂದರೆ, ಯಾರಿಗೆ ಮಾತು ತಾಗಬೇಕೋ ಅವರ ಮುಖವನ್ನು ನೋಡಿ ಅವರು ಎಂದೂ ಗಾದೆ ಹೇಳುತ್ತಿರಲಿಲ್ಲ. ಚಿಕ್ಕಪ್ಪನ ಸೋಮಾರಿತನಕ್ಕೆ ಹೇಳಬೇಕಾದ ‘ನಾಳೆ ಎಂದವನ ಮನೆ ಹಾಳು’ ಎಂಬ ಮಾತನ್ನು ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ನನಗೆಂಬಂತೆ ಹೇಳುತ್ತಿದ್ದರು. ಹೇಳುವವರು, ಹೇಳಿಸಿಕೊಳ್ಳುವವರು, ಪಕ್ಕದಲ್ಲಿದ್ದು ಕೇಳಿಸಿಕೊಳ್ಳುವವರು ಎಂದು ಕನಿಷ್ಠ ಮೂವರಾದರೂ ಇಲ್ಲದ ಮನೆಯಲ್ಲಿ ಗಾದೆಗೆ ಕೆಲಸವೇ ಇರುವುದಿಲ್ಲ. ಇಲ್ಲಿನ ಸಂಸಾರಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದು ದಣಿದು ಬಂದು ಮಗುವಿನೊಡನೆ ನೇರವಾಗಿಯೇ ಮಾತಾಡುತ್ತೇವೆ. ಫೋನಿನಲ್ಲಿ ‘ಒಂದು ಗಾದೆ ಹೇಳಿ’ ಎಂದು ಕೇಳಿದರೆ ಹಿರಿಯರು ನೆಟ್ಟಗೆ ಕುಳಿತು, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಗೊತ್ತಿರುವ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬುದನ್ನೇ ಹೇಳುತ್ತಾರೆ.

ನಿಜವಾಗಿ ಕಳೆದುಹೋಗುವುದು ಒಂದೊಂದು ಮನೆಗೇ ಸೇರಿದ ಮಾತುಗಳು. ‘ಬೀಗ ಹಾಕಿದರೆ ಸಾಲದು, ಎಳೆದು ನೋಡು’ ಎಂಬುದು ನಮ್ಮ ಅಜ್ಜನ ಮಾತು. ಪತ್ರಕ್ಕೆ ಸಹಿ ಹಾಕುವಾಗಲೂ ಸಂಬಂಧ ಕುದುರಿಸುವಾಗಲೂ ನಮ್ಮಲ್ಲಿ ಅದನ್ನೇ ಹೇಳುತ್ತಿದ್ದರು. ನಾನು ಇಲ್ಲಿಗೆ ಬಂದ ಹೊಸತರಲ್ಲಿ, ಬಾಡಿಗೆಯ ಕರಾರಿಗೆ ಸಹಿ ಹಾಕಲೆಂದು ಏಜೆಂಟರು ಪೆನ್ನು ಚಾಚಿ ನಿಂತಿದ್ದಾಗ, ಆ ಮಾತು ಕಿವಿಯಲ್ಲಿ ಗುಂಯ್ಗುಟ್ಟಿದ್ದರಿಂದಲೇ ಕೊನೆಯ ಪುಟದವರೆಗೂ ಓದಿದೆ. ವರ್ಷ ತುಂಬುವ ಮುನ್ನ ಮನೆ ಬಿಟ್ಟರೂ ಪೂರ್ತಿ ಬಾಡಿಗೆ ಕೊಡಬೇಕೆಂಬ ಷರತ್ತು ಕಣ್ಣಿಗೆ ಬಿತ್ತು, ಕೇಳಿದ ಮೇಲೆ ಅದನ್ನು ಸಡಿಲಿಸಿದರು. ನೀವೂ ಸಹಿ ಹಾಕುವ ಮೊದಲು ಓದಿ, ಅವರು ಎಷ್ಟೇ ಅವಸರ ಮಾಡಲಿ. ಮುಂದೆ ನನ್ನ ಮಗ ‘ಯಾವ ಬೀಗ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪನಿಗೆ ಫೋನು ಮಾಡಿದರೆ, ಅಜ್ಜ ಹುಡುಗನಾಗಿದ್ದಾಗ ಏನೋ ಕಳುವಾಗಿತ್ತಂತೆ ಎಂಬುದರ ಆಚೆಗೆ ಅವರಿಗೂ ತಿಳಿದಿರಲಿಲ್ಲ. ತಿಳಿದಿದ್ದ ಅಜ್ಜನ ತಂಗಿ ಆ ಹೊತ್ತಿಗೆ ತೀರಿಕೊಂಡಿದ್ದರು. ಆ ಕಳವಿನ ಕಥೆ ಇನ್ನು ಯಾರಿಂದಲೂ ಸಿಗುವಂತಿಲ್ಲ ಎಂಬ ಕೊರಗು ನನಗೆ ಇವತ್ತಿಗೂ ಇದೆ.

ಆದ್ದರಿಂದ ಹಿರಿಯರಲ್ಲಿ ಗಾದೆಯನ್ನು ಕೇಳಬೇಡಿ. ನಿಮ್ಮ ಮನೆಯಲ್ಲಿ ಓಡಾಡುವ ಮಾತನ್ನು ಎತ್ತಿ, ಇದನ್ನು ಮೊದಲು ಆಡಿದವರು ಯಾರು, ಯಾರ ಮೇಲೆ, ಏನಾದಾಗ ಎಂದು ಕೇಳಿ. ಧ್ವನಿಮುದ್ರಣವನ್ನೂ ಅವರಿಗೆ ತಿಳಿಸಿಯೇ ಮಾಡಿ, ಆದರೆ ಅವರ ಕೈಯಲ್ಲಿ ಏನಾದರೂ ಕೆಲಸವಿರುವಾಗ ಮಾಡಿ. ‘ಗಂಡು ಅಳಬಾರದು, ಹೆಣ್ಣು ನಗಬಾರದು’ ಎಂಬಂಥದ್ದು ಬಂದರೆ ಪುಸ್ತಕದಲ್ಲಿ ಬರೆದಿಡಿ, ಮಗಳ ಕಿವಿಗೆ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಬೇಸಿಗೆಯಲ್ಲಿ ನಿಮ್ಮ ಅತ್ತೆಯವರು ಬರುತ್ತಾರೆಂದು ತಿಳಿಸಿದ್ದೀರಿ. ಊರೂರು ಸುತ್ತಿಸುವ ಆತುರ ಬೇಡ, ಸ್ವಲ್ಪ ದಿನ ಮನೆಯಲ್ಲಿಯೇ ಇರಗೊಡಿ. ಬಟ್ಟೆ ಮಡಚುವಾಗ ಮಗಳನ್ನು ಅವರ ಪಕ್ಕದಲ್ಲಿ ಕೂರಿಸಿ, ನೀವೂ ಅಲ್ಲಿಯೇ ಕೈಗೆ ಕಾಲಿಗೆ ಸಿಗುವಂತಿರಿ. ಸೊಸೆಗೆ ನೇರವಾಗಿ ಹೇಳಲಾಗದ್ದನ್ನು ಅವರು ಮೊಮ್ಮಗಳ ಕಡೆ ತಿರುಗಿ ಗಾದೆಯಲ್ಲಿ ಹೇಳುತ್ತಾರೆ, ಮುನಿಸಿಕೊಳ್ಳದೆ ಬರೆದಿಟ್ಟುಕೊಳ್ಳಿ.