ಶಿಕಾಗೋದಲ್ಲಿ ಸಿನಿಮಾ ಓದಿದ ಥಾಯ್ಲೆಂಡಿನ ನಿರ್ದೇಶಕ ಅಪಿಚಾಟ್‌ಪೋಂಗ್ ವೀರಸೇತಕುಲ್ ಹಾಲಿವುಡ್‌ಗೆ ಯಾಕೆ ಹೋಗಲಿಲ್ಲ? ಅವರ ಸಿನಿಮಾ ನೋಡಿದರೆ ನಿದ್ದೆ ಬರುತ್ತದಂತೆ, ಹೌದಾ?

ಹಾಲಿವುಡ್ ಆಸೆ ಇದ್ದವರು ಸಾಮಾನ್ಯವಾಗಿ ಲಾಸ್ ಏಂಜಲೀಸ್‌ಗೆ ಹೋಗುತ್ತಾರೆ. ಇವರು ಸೇರಿದ್ದು ಶಿಕಾಗೋದ ಕಲಾಶಾಲೆ. ಅಲ್ಲಿ ಪ್ರಯೋಗಾತ್ಮಕ ಸಿನಿಮಾದ್ದೇ ಗುಂಗು. ಸ್ಟುಡಿಯೋ, ಸ್ಟಾರು ಯಾರೂ ಇಲ್ಲದೆ ಚಿತ್ರ ಮಾಡಬಹುದೆಂಬ ಧೈರ್ಯ ಅಲ್ಲಿಂದಲೇ ಬಂತು ಅನ್ನುವುದು ನನ್ನ ಲೆಕ್ಕ. ವಾಪಸ್ ಬಂದು 1999ರಲ್ಲಿ ಕಿಕ್ ದ ಮೆಷಿನ್ ಅಂತ ಸ್ವಂತ ಸಂಸ್ಥೆ ಕಟ್ಟಿದರು.

ಕಥೆಗೆ ದೂರ ಹೋಗಬೇಕಾಗಿಯೂ ಇರಲಿಲ್ಲ. ಹುಟ್ಟಿದ್ದು 1970ರಲ್ಲಿ ಬ್ಯಾಂಕಾಕ್‌ನಲ್ಲಾದರೂ ಬೆಳೆದದ್ದು ಥಾಯ್ಲೆಂಡಿನ ಈಶಾನ್ಯದ ಖೋನ್ ಕೇನ್‌ನಲ್ಲಿ. ಅಪ್ಪ ಅಮ್ಮ ಇಬ್ಬರೂ ಡಾಕ್ಟರು, ಹಾಗಾಗಿ ಚಿತ್ರಗಳ ತುಂಬ ಆಸ್ಪತ್ರೆ. ಅಪ್ಪ ತೀರಿಕೊಂಡದ್ದು ಕಿಡ್ನಿ ಕಾಯಿಲೆಯಿಂದ. 2010ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದ 'ಅಂಕಲ್ ಬೂನ್‌ಮಿ'ಯ ನಾಯಕನೂ ಮನೆಯಲ್ಲೇ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾನೆ. ರಾತ್ರಿ ಊಟಕ್ಕೆ ಕೂತಾಗ ಸತ್ತ ಹೆಂಡತಿ ಮೇಜಿನ ಪಕ್ಕ ಮೆಲ್ಲಗೆ ಮೂಡುತ್ತಾಳೆ. ಕಾಣೆಯಾಗಿದ್ದ ಮಗ ಮೈತುಂಬ ಕೂದಲು, ಕೆಂಪು ಕಣ್ಣಿನ ವಾನರನಾಗಿ ಮೆಟ್ಟಿಲು ಹತ್ತಿ ಬರುತ್ತಾನೆ. ಕೂತವರು ಒಂದು ಕ್ಷಣ ಬೆಚ್ಚಿ, ಆಮೇಲೆ ಬಂದ ನೆಂಟರ ಹತ್ತಿರ ಮಾತಾಡಿದ ಹಾಗೆ ಮಾತಿಗಿಳಿಯುತ್ತಾರೆ. ಪುನರ್ಜನ್ಮದ ಕಥೆ ಕೇಳಿ ಬೆಳೆದ ನಮಗೆ ಇದಕ್ಕೆ ಟಿಪ್ಪಣಿ ಬೇಕಾಗಿಲ್ಲ.

ಊರಿನಲ್ಲಿ ಇದ್ದದ್ದಕ್ಕೆ ಬೆಲೆಯನ್ನೂ ತೆತ್ತರು. 2006ರ 'ಸಿಂಡ್ರೋಮ್ಸ್ ಅಂಡ್ ಎ ಸೆಂಚುರಿ'ಯಲ್ಲಿ ಭಿಕ್ಷುವೊಬ್ಬ ಗಿಟಾರ್ ನುಡಿಸುತ್ತಾನೆ, ಡಾಕ್ಟರುಗಳು ಆಸ್ಪತ್ರೆಯಲ್ಲೇ ಮದ್ಯ ಕುಡಿಯುತ್ತಾರೆ. ಥಾಯ್ ಸೆನ್ಸಾರ್ ಇದನ್ನೆಲ್ಲ ಕತ್ತರಿಸಿ ಅಂದಿತು. ಮೊದಲು ಬಿಡುಗಡೆಯನ್ನೇ ಕೈಬಿಟ್ಟರು. 2008ರಲ್ಲಿ ತೋರಿಸಿದಾಗ ಕತ್ತರಿ ಬಿದ್ದ ಕಡೆಯೆಲ್ಲ ಸದ್ದಿಲ್ಲದ ಕಪ್ಪು ಫಿಲ್ಮ್ ಸೇರಿಸಿದ್ದರು, ಎಷ್ಟು ಹೊತ್ತಿನ ದೃಶ್ಯ ಹೋಯಿತೆಂದು ಪ್ರೇಕ್ಷಕರಿಗೆ ಗೊತ್ತಾಗಲಿ ಅಂತ! ಇದಕ್ಕಿಂತ ಖಡಕ್ ಪ್ರತಿಭಟನೆ ನಾನಂತೂ ಕಂಡಿಲ್ಲ. 2014ರ ಸೇನಾ ದಂಗೆಯ ನಂತರದ 'ಸೆಮೆಟರಿ ಆಫ್ ಸ್ಪ್ಲೆಂಡರ್' ಅನ್ನು ಥಾಯ್ಲೆಂಡಿನ ಥಿಯೇಟರಿಗೆ ತರಲೇ ಇಲ್ಲ. ಮುಂದಿನದು, 2021ರ 'ಮೆಮೋರಿಯಾ'. ಹಾಲಿವುಡ್‌ನಲ್ಲೂ ಹೆಸರಾದ ಬ್ರಿಟಿಷ್ ನಟಿ ಟಿಲ್ಡಾ ಸ್ವಿಂಟನ್ ಇದ್ದರು ನಿಜ, ಆದರೆ ಚಿತ್ರೀಕರಣ ನಡೆದದ್ದು ಕೊಲಂಬಿಯಾದಲ್ಲಿ. ಅಮೆರಿಕದ ವಿತರಕರು ಅದನ್ನು ಒಂದೂರು ಮುಗಿದ ಮೇಲೆ ಇನ್ನೊಂದೂರು ಅಂತ ಟೂರಿಂಗ್ ಟಾಕೀಸಿನ ಹಾಗೆ ತೋರಿಸುವುದಾಗಿ ಹೇಳಿದ್ದರು.

ನಿದ್ದೆ? ಬರುತ್ತದೆ, ಬರಲಿ ಬಿಡಿ. 2018ರಲ್ಲಿ ರಾಟರ್ಡ್ಯಾಮ್ ಚಿತ್ರೋತ್ಸವದಲ್ಲಿ ಮಂಚ ಹಾಕಿಸಿ, ರಾತ್ರಿಯಿಡೀ ಪರದೆಯ ಎದುರು ಮಲಗುವ ಹೋಟೆಲನ್ನೇ ಮಾಡಿದ್ದರು ಈ ಮನುಷ್ಯ. ಶುರುವಿಗೆ ಬೂನ್‌ಮಿ ನೋಡಿ. ಫೋನಿನಲ್ಲಿ ಬೇಡ, ಆ ಕತ್ತಲಲ್ಲಿ ಏನೂ ಕಾಣುವುದಿಲ್ಲ.